ಬಿಸಿಲು ಬೆಳೆಯುವ ಊರಿನ ಆರಡಿ ಮೂರಡಿ

ನಾನು ಮಧುಗಿರಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುವವಳು. ಭೂಗೋಳ, ಇತಿಹಾಸ, ಅರ್ಥಶಾಸ್ತ್ರ ಮೂರನ್ನೂ ಒಂದೇ ಪುಸ್ತಕದಲ್ಲಿ ಹೊಲಿದು ಕೊಟ್ಟಿರುವುದರಿಂದ ಮೂರಕ್ಕೂ ನಾನೊಬ್ಬಳೇ ಗತಿ. ‘ನಮ್ಮ ತಾಲ್ಲೂಕು’ ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ ಮಕ್ಕಳು ಕಿಟಕಿಯಾಚೆ ಬೆಟ್ಟ ನೋಡುತ್ತಾರೆ. ಅಷ್ಟು ದೊಡ್ಡ ಏಕಶಿಲೆ ಕಣ್ಣೆದುರು ಇದ್ದಮೇಲೆ ಮಧುಗಿರಿಯವರಿಗೆ ಬೇರೆ ಭೂಗೋಳ ಬೇಕಿಲ್ಲ. ಶಿರಾದವರಿಗೆ ಇತಿಹಾಸವೊಂದೇ ಸಾಕು. ಮೊಗಲರ ಸುಬೇದಾರರು ಕೂತು ಆಳಿದ ಊರು ಅದು. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುವವನೂ ದಿಲ್ಲಿಯಿಂದ ಫರ್ಮಾನು ಬಂದವನ ಹಾಗೆ ಬೆಲೆ ಹೇಳುತ್ತಾನೆ. ಕೊರಟಗೆರೆಯವರಿಗೆ ಜಯಮಂಗಲಿ ಹೊಳೆ ಇದೆ, ತೆಂಗು ಇದೆ, ಸಿದ್ಧರಬೆಟ್ಟದ ಬೇರು ನಾರು ಇದೆ. ಅವರ ಮಾತಿನಲ್ಲೇ ಒಂಚೂರು ತಂಪು ಇರುತ್ತದೆ. ನಮ್ಮ ಪಾವಗಡದ ಹೊತ್ತಿಗೆ ಪಾಠ ಅರ್ಧ ಪುಟಕ್ಕೆ ಇಳಿಯುತ್ತದೆ. ನಕ್ಷೆ ಬರೆಯುವವನ ಕೈ ಜಾರಿ ಆಂಧ್ರದ ಮಡಿಲಿಗೆ ಬಿದ್ದ ತಾಲ್ಲೂಕು ನಮ್ಮದು. ಇತ್ತ ಕನ್ನಡದಲ್ಲಿ ಬೈದು ಅತ್ತ ತೆಲುಗಿನಲ್ಲಿ ಸಮಾಧಾನ ಹೇಳುವ ಜನ ನಾವು.

ಪಾವಗಡಕ್ಕೆ ಹೊರಗಿನವರು ಬರುವುದು ಶನಿ ಬಿಡಿಸಿಕೊಳ್ಳುವುದಕ್ಕೆ. ಎಲ್ಲೆಲ್ಲಿಂದಲೋ ಬಂದು, ಎಳ್ಳೆಣ್ಣೆ ದೀಪ ಹಚ್ಚಿ, ಹೆಗಲೇರಿದ ಶನಿಯನ್ನು ಇಲ್ಲಿ ಇಳಿಸಿ, ಹಗುರಾಗಿ ಬಸ್ಸು ಹತ್ತಿ ಹೋಗುತ್ತಾರೆ. ಹಾಗೆ ಇಳಿಸಿಹೋದ ಶನಿ ಆಮೇಲೆ ಎಲ್ಲಿರುತ್ತಾನೆ ಎಂದು ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು. ಅದು ಸಿಲಬಸ್ಸಿನಲ್ಲಿಲ್ಲ ಎಂದು ಕೂರಿಸಿದೆ.

ನನ್ನ ಹುಟ್ಟೂರು ವಳ್ಳೂರಿನ ಆಚೆ. ಅಲ್ಲಿ ಮೊದಲು ಆರ್ಥಿಕತೆ ಎಂದರೆ ಕಡಲೆಕಾಯಿ. ಮಳೆ ಬಂದರೆ ಕಾಯಿ, ಬಾರದಿದ್ದರೆ ದನಕ್ಕೆ ಹೊಟ್ಟು. ಬಿಸಿಲೊಂದು ಮಾತ್ರ ಯಾವ ವರ್ಷವೂ ಕೈಕೊಟ್ಟದ್ದಿಲ್ಲ. ಅದನ್ನು ಕೊಳ್ಳುವವರೂ ಇದ್ದಾರೆ ಎಂದು ಯಾರಿಗೆ ಗೊತ್ತಿತ್ತು? ಒಂದು ದಿನ ಬಂದೇಬಿಟ್ಟರು. ಹೊಲಗಳನ್ನೆಲ್ಲ ಒಂದು ತಲೆಮಾರಿನ ಕಾಲಕ್ಕೆ ಗುತ್ತಿಗೆ ಹಿಡಿದು, ಬೇಲಿ ಹಾಕಿ, ನೆಲ ಕಾಣದ ಹಾಗೆ ಸೋಲಾರ್ ಪ್ಲೇಟುಗಳನ್ನು ಹಾಸಿದರು. ಹೊಲ ಇದ್ದವರು ಜಗಲಿಯ ಮೇಲೆ ಕೂತು ವರ್ಷದ ಬಾಡಿಗೆ ಪಡೆಯುವವರಾದರು. ಹೊಲವಿಲ್ಲದ ನಮ್ಮ ಕೇರಿಗೆ ಪ್ಲೇಟು ತೊಳೆಯುವ ಕೆಲಸ ಸಿಕ್ಕಿತು. ಕುಡಿಯುವ ನೀರಿಗೆ ಕೊಡ ಸಾಲಿಡುವ ಊರಿನಲ್ಲಿ ಗಾಜಿಗೆ ಟ್ಯಾಂಕರ್ ನೀರಿನ ಸ್ನಾನ. ನನ್ನ ಅವ್ವನೂ ಸ್ವಲ್ಪ ದಿನ ಹೋಗಿದ್ದಳು. ಬಗ್ಗಿದರೆ ತನ್ನ ಮುಖವೇ ಕಾಣುತ್ತದೆ, ನೋಡಿ ನೋಡಿ ಸಾಕಾಯಿತು ಎಂದು ಬಿಟ್ಟುಬಂದಳು.

ಈಗ ಸಾವಿನ ವಿಷಯಕ್ಕೆ ಬರಬೇಕು. ನಮ್ಮ ಪುಸ್ತಕದ ‘ಜನಜೀವನ’ ಎಂಬ ಭಾಗದಲ್ಲಿ ಬಟ್ಟೆ, ಊಟ, ಹಬ್ಬ ಎಲ್ಲ ಇದೆ. ಸತ್ತವರನ್ನು ಎಲ್ಲಿಡುತ್ತಾರೆ ಎಂಬುದಿಲ್ಲ. ನಮ್ಮ ಕಡೆ ಹೊಲ ಇದ್ದವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವುದು ರೂಢಿ. ಬದುವಿನ ಪಕ್ಕ ಗುಣಿ ತೋಡಿ, ಮಣ್ಣು ಎಳೆದು ಗುಡ್ಡೆ ಮಾಡಿ, ತಲೆಯ ಕಡೆ ಒಂದು ಕಲ್ಲು ನೆಡುತ್ತಾರೆ. ಪಿತೃಪಕ್ಷದ ಅಮಾವಾಸ್ಯೆಯ ದಿನ ಅಲ್ಲೇ ಎಡೆ ಇಟ್ಟು, ಸತ್ತವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ ಕೈಮುಗಿಯುತ್ತಾರೆ. ಹೀಗಾಗಿ ಊರಿನ ದೊಡ್ಡವರಿಗೆ ಸುಡುಗಾಡು ಎಂಬ ಜಾಗದ ಅಗತ್ಯವೇ ಬಿದ್ದಿರಲಿಲ್ಲ. ಅದು ಬೇಕಾಗಿದ್ದದ್ದು ನಮಗೆ. ನಮ್ಮವರನ್ನು ಕೆರೆಯಂಗಳದ ಅಂಚಿನಲ್ಲಿ ಹೂಳುತ್ತಿದ್ದರು. ಕೆರೆ ತುಂಬಿದರೆ ಊರಿಗೆಲ್ಲ ಹಬ್ಬ, ನಮಗೆ ಹೆಣ ಇಡಲು ಜಾಗವಿಲ್ಲ. ನಮ್ಮ ಪುಣ್ಯಕ್ಕೆ ಕೆರೆ ತುಂಬುತ್ತಿದ್ದದ್ದೇ ಅಪರೂಪ. ಮದಲೂರು ಕೆರೆಗೆ ನೀರು ಬರುತ್ತದೆ ಎಂದು ಶಿರಾದ ಕಡೆಯವರು ಎಲೆಕ್ಷನ್ನಿನಿಂದ ಎಲೆಕ್ಷನ್ನಿಗೆ ಕಾಯುತ್ತಿದ್ದರೆ, ನಮ್ಮ ಕೇರಿಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದ ಮನೆಯವರು ಈ ವರ್ಷವೂ ಮಳೆ ಹೀಗೇ ಇರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು.

ಊರಿನವರ ಗುಣಿ ತೋಡುವುದು ನಮ್ಮ ಅಪ್ಪನ ಕೆಲಸವಾಗಿತ್ತು. ಬೇರೆಯವರಿಗೆಲ್ಲ ಅವರ ಹೊಲದಲ್ಲೇ ಮೆತ್ತಗಿನ ಮಣ್ಣು ತೋಡಿಕೊಟ್ಟು, ತನ್ನ ತಾಯಿಯನ್ನು ಕೆಸರಿನಲ್ಲಿ ಇಟ್ಟುಬಂದ ಮೇಲೆ ಅವನಿಗೆ ತಲೆ ಕೆಟ್ಟಿತು. ಕೇರಿಗೊಂದು ಸುಡುಗಾಡು ಕೊಡಿ ಎಂದು ತಾಲ್ಲೂಕು ಕಚೇರಿಗೆ ಅಲೆದ. ಅಲೆದು ಅಲೆದು, ಅಲ್ಲಿಯ ಗುಮಾಸ್ತರು ಒಬ್ಬೊಬ್ಬರಾಗಿ ನಿವೃತ್ತರಾಗಿ, ಅವರ ಜಾಗಕ್ಕೆ ಬಂದವರಿಗೂ ಅಪ್ಪನ ಮುಖ ಪರಿಚಯವಾದ ಮೇಲೆ ಒಂದು ತುಂಡು ನೆಲ ಮಂಜೂರಾಯಿತು. ಗುಡ್ಡದ ಬುಡದ ಕಲ್ಲುನೆಲ, ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ಕೇರಿಯವರೆಲ್ಲ ಸೇರಿ ಕಲ್ಲು ಹೆಕ್ಕಿ, ಸುತ್ತ ಮುಳ್ಳು ಕಟ್ಟಿ, ಒಂದು ಗೇಟು ನಿಲ್ಲಿಸಿದರು. ಅಪ್ಪ ಬೇವು, ಹೊಂಗೆ ನೆಟ್ಟು ನೀರು ಹೊತ್ತ. ಗಿಡಗಳು ಎದೆಮಟ್ಟ ಬರುವ ಹೊತ್ತಿಗೆ ಅವನೂ ಅಲ್ಲಿಗೇ ಹೋಗಿ ಮಲಗಿದ. ನಾವು ಬುದ್ಧನ ಕಡೆ ಬಂದು ಬಹಳ ಕಾಲವಾಗಿದೆ, ಮನೆಯಲ್ಲಿ ಇರುವುದೂ ಅವನೊಬ್ಬನದೇ ಪಟ. ಆದರೂ ಅವ್ವ ಅಪ್ಪನಿಗೆ ಎಡೆ ಇಡುವುದನ್ನು ಬಿಟ್ಟಿಲ್ಲ. ಬುದ್ಧ ಬೇಡವೆಂದು ಎಲ್ಲೂ ಹೇಳಿಲ್ಲವಲ್ಲ ಎನ್ನುತ್ತಾಳೆ.

ಸೋಲಾರಿನವರು ಹೊಲ ಅಳೆಯಲು ಬಂದಾಗ, ಗುಡಿಯೋ ಬಾವಿಯೋ ಸಮಾಧಿಯೋ ಇದ್ದರೆ ತೋರಿಸಿ, ಅಷ್ಟು ಬಿಟ್ಟು ಅಳೆಯುತ್ತೇವೆ ಎಂದರು. ಬಿಟ್ಟು ಅಳೆದರೆ ಅಷ್ಟರ ಬಾಡಿಗೆಯೂ ಬಿಟ್ಟುಹೋಗುತ್ತದಲ್ಲ! ಗುಡಿ ಮುಚ್ಚಿಟ್ಟರೆ ದೇವರು ಸಿಟ್ಟಾದೀತು, ಅದನ್ನು ತೋರಿಸಿದರು. ಸತ್ತವರು ಏನೂ ಅನ್ನುವುದಿಲ್ಲ. ನಮ್ಮ ಹೊಲದಲ್ಲಿ ಸಮಾಧಿಯೇ ಇಲ್ಲ ಎಂದು ಇಡೀ ಊರು ಒಂದೇ ಬಾಯಲ್ಲಿ ಹೇಳಿತು. ಈ ಊರಿನಲ್ಲಿ ಸಾವೇ ಇಲ್ಲವೇನೋ ಎಂದು ಅಳೆಯಲು ಬಂದವರು ಅಂದುಕೊಂಡಿರಬೇಕು. ಅಳತೆಯ ಹಿಂದಿನ ದಿನ ಊರಿನವರೆಲ್ಲ ತಮ್ಮ ತಮ್ಮ ತಾತ ಮುತ್ತಾತಂದಿರ ಕಲ್ಲು ಕೀಳುತ್ತಿದ್ದದ್ದನ್ನು ನಮ್ಮ ಕೇರಿಯವರು ನೋಡಿದ್ದಾರೆ. ಕೂಲಿಗೆ ಕಿತ್ತುಕೊಟ್ಟವರೂ ಇದ್ದಾರೆ. ದೊಡ್ಡಮನೆಯ ಮಗ ತನ್ನ ಅಪ್ಪನ ಕಲ್ಲನ್ನು ಟ್ರ್ಯಾಕ್ಟರಿನಲ್ಲಿ ತಂದು ಅಂಗಳದಲ್ಲಿ ಹೊಸ ಕಾರಿನ ಪಕ್ಕ ನಿಲ್ಲಿಸಿದ.

ದೊಡ್ಡಮನೆ ಎಂದರೆ ಊರಿಗೆಲ್ಲ ಹೆಚ್ಚು ಹೊಲವಿದ್ದ ಮನೆ. ಆ ಮನೆಯ ಯಜಮಾನಿ, ಎಲ್ಲರ ಬಾಯಲ್ಲೂ ದೊಡ್ಡಮ್ಮ, ನನ್ನ ಅವ್ವನಿಗಿಂತ ಸ್ವಲ್ಪ ದೊಡ್ಡವಳು. ಮನೆಯೊಳಗೆ ತೆಲುಗು, ಆಳುಗಳ ಮುಂದೆ ಕನ್ನಡ. ಅವ್ವ ಮದುವೆಯಾಗಿ ಬಂದಾಗಿನಿಂದ ಅವಳ ಹೊಲದಲ್ಲಿ ಕಳೆ ಕಿತ್ತವಳು, ಕಡಲೆಕಾಯಿ ಬಿಡಿಸಿದವಳು. ಇಬ್ಬರೂ ಒಂದೇ ಸಾಲಿನಲ್ಲಿ ಬಗ್ಗುತ್ತಿದ್ದರು. ನೀರು ಕುಡಿಯುವಾಗ ಮಾತ್ರ ಅವಳು ಚೊಂಬಿನಿಂದ ಮೇಲಿಂದ ಸುರಿಯುವುದು, ಅವ್ವ ಬೊಗಸೆ ಒಡ್ಡುವುದು. ಸಣ್ಣವಳಾಗಿ ಇದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಅವ್ವನಿಗೆ ಹೇಳಿದರೆ, ಅವಳ ಮನೆಯ ಪದ್ಧತಿ ಅವಳಿಗೆ ಅಂದುಬಿಡುತ್ತಿದ್ದಳು.

ಈ ದೊಡ್ಡಮ್ಮನಿಗೆ ಕಾಯಿಲೆ ಶುರುವಾದಾಗ ಹುಟ್ಟಿಕೊಂಡದ್ದು ಒಂದೇ ಚಿಂತೆ: ನನ್ನನ್ನು ಎಲ್ಲಿ ಮಣ್ಣು ಮಾಡುತ್ತೀರಿ? ಗಂಡನ ಪಕ್ಕ ಎಂದುಕೊಂಡಿದ್ದ ಜಾಗ ಬೇಲಿಯ ಒಳಗಿತ್ತು. ಗಂಡನೇ ಯಾವ ಪ್ಲೇಟಿನ ಕೆಳಗಿದ್ದಾನೆ ಎಂದು ಹೇಳುವವರಿರಲಿಲ್ಲ. ಮಗ ಹೋಗಿ ಆಫೀಸಿನವರನ್ನು ಕೇಳಿದ. ಅವರು ಬಹಳ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಟ್ಟು, ಗುತ್ತಿಗೆ ಮುಗಿದ ಮೇಲೆ ನಿಮ್ಮ ಹೊಲ ನಿಮ್ಮದೇ ಎಂದರು. ಇದನ್ನು ಕೇಳಿ ದೊಡ್ಡಮ್ಮ, “ಅಲ್ಲೀಗಂಟ ನನ್ನ ಐಸ್ ಪೆಟ್ಟಿಗೇಲಿ ಮಡೀಕಂತೀಯೇನೋ?” ಎಂದಳಂತೆ. ನೆಂಟರ ಹೊಲಗಳೂ ಬೇಲಿಯೊಳಗೇ ಇದ್ದವು. ಅಲ್ಲೊಂದು ಇಲ್ಲೊಂದು ಉಳಿದ ಹೊಲದವರು ಬೇರೆ ಮನೆಯ ಹೆಣಕ್ಕೆ ಜಾಗ ಕೊಡಲು ತಯಾರಿರಲಿಲ್ಲ. ಕೊನೆಗೆ ಮಗ, ಈಗ ಎಲ್ಲ ಕಡೆ ಕರೆಂಟಿನಲ್ಲಿ ಸುಡುತ್ತಾರೆ, ಚೊಕ್ಕಟ ಕೆಲಸ ಎಂದು ಮೆಲ್ಲಗೆ ಹೇಳಿದ. ಅವರ ಮನೆತನದಲ್ಲಿ ಯಾರನ್ನೂ ಸುಟ್ಟಿಲ್ಲ. ಮುದುಕಿ ಮಗನ ಕೈ ಹಿಡಿದುಕೊಂಡು, “ನನ್ನು ಕಾಲ್ಚೊದ್ದುರಾ” ಎಂದು ಅತ್ತಳು. ಬದುಕಿದ್ದಷ್ಟೂ ದಿನ ಬಿಸಿಲಲ್ಲಿ ಬೆಂದಿದ್ದೇನೆ, ಸತ್ತ ಮೇಲೂ ಸುಡಬೇಡಿ ಎಂದು ಕಂಡವರಿಗೆಲ್ಲ ಹೇಳತೊಡಗಿದಳು.

ಆಗ ಅವಳಿಗೆ ನಮ್ಮ ಸುಡುಗಾಡು ನೆನಪಾಯಿತು. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಗಾಜು ಮಿನುಗುವಾಗ ನಡುವೆ ಮಣ್ಣಿನ ಬಣ್ಣದಲ್ಲಿ ಉಳಿದಿದ್ದ ಒಂದೇ ತುಂಡು ಅದು. ಸರ್ಕಾರದ ಕಾಗದದಲ್ಲಿ ಸ್ಮಶಾನ ಎಂದಿದ್ದರಿಂದ ಯಾರೂ ಮುಟ್ಟಿರಲಿಲ್ಲ. ಅವ್ವನ ಕೈಯಲ್ಲಿ ಹೇಳಿಕಳಿಸಿದಳು: ನನಗೂ ಒಂದು ಆರಡಿ ಮೂರಡಿ ಕೊಡುತ್ತೀರಾ?

ಆ ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಊರಿಗೆ ಹೋದಾಗ ಅವ್ವ ಇದನ್ನು ಹೇಳಿದಳು. ನನಗೆ ಖುಷಿಯಾಯಿತು ಎಂದರೆ ತಪ್ಪು ತಿಳಿಯಬೇಡಿ, ತಿಳಿದರೂ ಪರವಾಗಿಲ್ಲ. ಹೊಲ ಇದ್ದವರಿಗೆ ನೆಲವಿಲ್ಲ, ಹೊಲವಿಲ್ಲದವರ ಹತ್ತಿರ ನೆಲವಿದೆ. ಇಂಥ ಅಧ್ಯಾಯ ಯಾವ ಪಠ್ಯಪುಸ್ತಕ ಸಮಿತಿಗೂ ಹೊಳೆಯುವುದಿಲ್ಲ. ಮಗನೇ ಬಂದು ಕೇರಿಯಲ್ಲಿ ಕೂತು ಕೇಳಲಿ ಎಂದೆ. ಮಧ್ಯಾಹ್ನ ಕೇರಿಯ ಸಮುದಾಯ ಭವನದಲ್ಲಿ ಸೇರಿದವರೂ ಅದನ್ನೇ ಹೇಳಿದರು.

ಮಗ ಬರಲಿಲ್ಲ. ಸಂಜೆಗೆ ಒಬ್ಬ ಮಧ್ಯಸ್ಥನನ್ನು ಕಳಿಸಿದ. ಅವನು ತಂದ ಮಾತು ಕೇಳಲು ಚೆನ್ನಾಗಿತ್ತು: ದೊಡ್ಡಮನೆಯವರು ಸುಡುಗಾಡಿಗೆ ಕಾಂಪೌಂಡ್ ಕಟ್ಟಿಸಿ, ಮುಂದೆ ಕಮಾನು ನಿಲ್ಲಿಸಿ ಕೊಡುತ್ತಾರೆ, ಕಮಾನಿನ ಮೇಲೆ ಅವರ ತಂದೆಯ ಹೆಸರು ಇರುತ್ತದೆ. ಮೂಲೆಯಲ್ಲಿ ಅವರಿಗೆಂದು ಸ್ವಲ್ಪ ಜಾಗ ಬೇರೆ ಮಾಡಬೇಕು, ಅದಕ್ಕೆ ಹಿಂದಿನಿಂದ ಒಂದು ಬೇರೆ ಗೇಟು. ನಮ್ಮ ಕೇರಿಯ ಹಿರಿಯರೊಬ್ಬರು ಎಲೆಯಡಿಕೆ ಉಗಿದು ಬಂದು, “ಇರೋದು ಒಂದೇ ಬಾಗ್ಲು ಕಣಪ್ಪ. ನಾವೆಲ್ಲ ಅದ್ರಾಗೇ ಹೋಗೋದು. ಬರೋರು ಅದ್ರಾಗೇ ಬರ್ಲಿ” ಎಂದರು. ಮಧ್ಯಸ್ಥ ಎದ್ದುಹೋದ.

ಮಾರನೆಯ ದಿನ ಬೆಳಿಗ್ಗೆ ನಾನೂ ಅವ್ವನೂ ಅಪ್ಪನ ಗುಡ್ಡೆಯ ಮೇಲಿನ ಕಸ ತೆಗೆಯುತ್ತಿದ್ದೆವು. ಒಂದು ಆಟೋ ಬಂದು ನಿಂತಿತು. ದೊಡ್ಡಮ್ಮ ಒಬ್ಬಳೇ ಇಳಿದಳು. ಮಗನಿಗೆ ಆಸ್ಪತ್ರೆ ಎಂದು ಹೇಳಿ ಬಂದಿದ್ದಳು. ಕೋಲೂರಿಕೊಂಡು ಒಳಗೆ ಬಂದು, ಸೈಟು ನೋಡಲು ಬಂದವರ ಹಾಗೆ ಸುತ್ತ ನೋಡಿದಳು. ನೆರಳು ಚೆನ್ನಾಗಿದೆ ಎಂದಳು. ಯಾರು ನೆಟ್ಟದ್ದು ಎಂದು ಕೇಳಿದಳು. ಅವ್ವ ಅಪ್ಪನ ಗುಡ್ಡೆ ತೋರಿಸಿದಳು. ಅಷ್ಟು ನಡೆದದ್ದಕ್ಕೇ ಅವಳಿಗೆ ಏದುಸಿರು ಬಂದು, ಬೇವಿನ ಬುಡದಲ್ಲಿ ಕೂತು ನೀರು ಕೇಳಿದಳು.

ನಾನು ತಂದಿದ್ದ ಬಾಟಲಿಯನ್ನು ಅವ್ವ ಮುಚ್ಚಳ ತೆಗೆದು ಚಾಚಿದಳು. ದೊಡ್ಡಮ್ಮ ಅದನ್ನು ಹಿಡಿಯಲಿಲ್ಲ. ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದಳು. ಬೇಕೆಂದು ಮಾಡಿದ್ದಲ್ಲ ಅದು. ಈ ಇಬ್ಬರ ನಡುವೆ ನೀರು ಹಾದದ್ದು ಯಾವಾಗಲೂ ಹಾಗೆಯೇ. ಕೊಡುವವಳು ಸುರಿಯಬೇಕು, ಕುಡಿಯುವವಳು ಬೊಗಸೆ ಒಡ್ಡಬೇಕು. ಬೇರೆ ರೀತಿ ಅವಳಿಗೆ ಗೊತ್ತೇ ಇರಲಿಲ್ಲ. ಬಾಟಲಿ ಹಿಡಿದ ಅವ್ವನ ಕೈ ಅಲ್ಲೇ ನಿಂತಿತು. ಇಂಥದ್ದೊಂದು ಗಳಿಗೆಯನ್ನು ನಾನು ಹುಡುಗಿಯಾಗಿದ್ದಾಗ ಎಷ್ಟು ಸಲ ಮನಸ್ಸಿನಲ್ಲಿ ಆಡಿಸಿಕೊಂಡಿದ್ದೆನೋ! ಈಗ ಕಣ್ಣೆದುರು ನಡೆದಾಗ ನೋಡಲಾಗದೆ ಮುಖ ತಿರುಗಿಸಿದೆ.

“ಬ್ಯಾಡ ಬುಡಿ ಅಮ್ಮಾರೆ. ಬಾಟ್ಲಿ ಕಚ್ಕಂಡೇ ಕುಡೀರಿ” ಎಂದಳು ಅವ್ವ.

ದೊಡ್ಡಮ್ಮ ಬಾಟಲಿ ತೆಗೆದುಕೊಂಡು ಕಚ್ಚಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ಜಾಗ ಎಲ್ಲಿ ಎಂದು ಕೇಳಿದಳು. ಅಪ್ಪನ ಪಕ್ಕದ್ದು ಅವ್ವನಿಗೆಂದು ಯಾವಾಗಲೋ ಗೊತ್ತಾಗಿತ್ತು. ಅದರ ಆಚೆಯದನ್ನು ಅವ್ವ ತೋರಿಸಿದಳು.

“ಅಂಗಾದ್ರೆ ನಿನ್ ಪಕ್ಕ ನಾನು” ಎಂದಳು ದೊಡ್ಡಮ್ಮ.

“ಮಲಕ್ಕಳಿ. ಆದ್ರೆ ಅಲ್ಲೂ ಕಳೆ ಕೀಳು ಅಂತ ಹೊತ್ತಾರೆ ಎಬ್ಬುಸ್‌ಬಾರ್ದು.”

ಮುದುಕಿ ನಕ್ಕಳು, ನಗುತ್ತಾ ಕೆಮ್ಮಿದಳು. ಆಮೇಲೆ ನನ್ನ ಕಡೆ ತಿರುಗಿ, ಮೇಷ್ಟ್ರಮ್ಮ, ನನ್ನನ್ನು ಸುಡದ ಹಾಗೆ ನೀನು ನೋಡಿಕೋ ಎಂದಳು. ಆಯಿತು ಎಂದೆ. ಓದಿದವಳು ಹೇಳಿದರೆ ನಡೆಯುತ್ತದೆ ಎಂದು ಅವಳು ನಂಬಿದ್ದಳು. ಸಂಜೆ ಕೇರಿಯವರು ಮತ್ತೆ ಸೇರಿದಾಗ ಹೆಚ್ಚು ಮಾತೇ ಬೇಕಾಗಲಿಲ್ಲ. ಅವಳೇ ಬಂದು ನೋಡಿಕೊಂಡು ಹೋಗಿದ್ದಾಳಲ್ಲ ಎಂದರು. ಮಗನಿಗೆ ವಿಷಯ ತಿಳಿಯಿತು. ಅವನು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಆಷಾಢದ ಗಾಳಿ ಬೀಸುವಾಗ ದೊಡ್ಡಮ್ಮ ತೀರಿಕೊಂಡಳು. ಬೆಳಿಗ್ಗೆಯೇ ಮಗ, ಗುಣಿ ತೆಗೆಸಿ ಎಂದು ಕೇರಿಗೆ ಹೇಳಿಕಳಿಸಿದ. ನಾನು ರಜೆ ಹಾಕಿ ಬಸ್ಸು ಹಿಡಿದೆ. ಹೋಗುವ ಹೊತ್ತಿಗೆ ಗುಣಿ ಸಿದ್ಧವಾಗಿತ್ತು. ಆ ಕಲ್ಲುನೆಲದಲ್ಲಿ ಅಷ್ಟು ಆಳ ಇಳಿಸಬೇಕಾದರೆ ನಾಲ್ಕು ಗಂಡಾಳು ಹೈರಾಣಾಗಬೇಕು. ಕೂಲಿ ಕೇಳದೆ ತೋಡಿದ್ದರು. ಅವ್ವ ಒಳಗಿನ ಚೂರುಕಲ್ಲುಗಳನ್ನು ಆಯ್ದು ಎಸೆದು, ಬೇವಿನ ಸೊಪ್ಪು ತಂದು ಹಾಸಲು ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ದೊಡ್ಡಮನೆಗೆ ನೆಂಟರು ಬಂದಿಳಿದಿದ್ದರು. ಅನಂತಪುರದ ಕಡೆಯಿಂದ, ಹಿಂದೂಪುರದಿಂದ, ಮಡಕಶಿರಾದಿಂದ ಕಾರುಗಳು. ಅಲ್ಲಿ ಏನು ಮಾತಾಯಿತು ಎಂದು ಆಮೇಲೆ ತಿಳಿಯಿತು. ಆ ಸುಡುಗಾಡಿನಲ್ಲಿ ಇಟ್ಟರೆ ನಾಳೆ ವರ್ಷ ವರ್ಷ ಎಡೆಗೆ ಆ ಕೇರಿ ಹಾಯ್ದೇ ಹೋಗಬೇಕು, ನಮ್ಮ ಮಕ್ಕಳಿಗೆ ಹೆಣ್ಣು ಕೊಡುವವರು ಏನೆಂದಾರು ಎಂದರಂತೆ. ಮಗ ಅಮ್ಮನ ಆಸೆ ಎಂದನಂತೆ. ಸತ್ತವರಿಗೆ ಏನು ಗೊತ್ತಾಗುತ್ತದೆ ಎಂದರಂತೆ. ನಾನು ಹೋಗಿ ಆ ಅಂಗಳದಲ್ಲಿ ನಿಂತು, ಸುಡಬೇಡಿ ಎಂದು ಅವರೇ ನನಗೆ ಹೇಳಿದ್ದಾರೆ ಎಂದೆ. ಒಬ್ಬರು ಕುರ್ಚಿ ತರಿಸಿದರು, ಇನ್ನೊಬ್ಬರು ಬಾಟಲಿ ನೀರು ತರಿಸಿದರು, ಮೇಡಂ ಮೇಡಂ ಎಂದರು. ಬಹಳ ಗೌರವ ಕೊಟ್ಟರು, ಮಾತು ಮಾತ್ರ ಕೇಳಲಿಲ್ಲ.

ಮಧ್ಯಾಹ್ನ ಆಂಬುಲೆನ್ಸು ನಮ್ಮ ಕೇರಿಯ ಮುಂದಿನ ರಸ್ತೆಯಲ್ಲೇ ಹಾದು ಪೇಟೆಯ ಕಡೆ ಹೋಯಿತು, ಕರೆಂಟಿನ ಚಿತೆಗೆ. ನಮ್ಮ ಬಿಸಿಲಿನ ಕರೆಂಟೂ ಅದೇ ದಾರಿಯ ತಂತಿಯಲ್ಲಿ ಅವಳ ಜೊತೆಗೇ ಹೋಗಿರಬೇಕು. ಅವ್ವ ಗುಣಿಯ ಪಕ್ಕ ಸೊಪ್ಪು ಹಿಡಿದು ನಿಂತೇ ಇದ್ದಳು. ಹೋಯಿತು ಎಂದು ನಾನು ಹೇಳಬೇಕಾಯಿತು. ಮಾತು ಕೊಟ್ಟವಳು ನಾನು. ಆ ಹೊತ್ತಿನ ಸಿಟ್ಟು ಇನ್ನೂ ಆರಿಲ್ಲ.

ಮೂರನೆಯ ದಿನ ಅವ್ವ ದೊಡ್ಡಮನೆಗೆ ಹೋಗಿ, ಬೂದಿಯನ್ನಾದರೂ ಒಂದು ಹಿಡಿ ಕೊಡಿ, ಮಣ್ಣಿಗೆ ಹಾಕುತ್ತೇನೆ ಎಂದು ಕೇಳಿದಳು. ಅದು ಆಗಲೇ ಕಾವೇರಿಗೆ ಹೋಗಿಯಾಗಿತ್ತು. ನಮ್ಮ ಪಿನಾಕಿನಿಯಲ್ಲಿ ಮರಳೂ ಉಳಿದಿಲ್ಲ, ಬೂದಿ ತೇಲಿಸಲು ನೀರೆಲ್ಲಿಂದ ಬರಬೇಕು? ತುಂಬಿ ಹರಿಯುವ ಹೊಳೆಯನ್ನು ಮುದುಕಿ ಬದುಕಿದ್ದಾಗ ಒಂದು ಸಲವೂ ನೋಡಿರಲಿಲ್ಲ ಎಂದು ಅವ್ವ ಹೇಳಿದಳು.

ತೋಡಿದ ಗುಣಿಯನ್ನು ಬಾಯ್ದೆರೆದು ಬಿಡಬಾರದು, ಬಿಟ್ಟರೆ ಇನ್ನೊಬ್ಬರನ್ನು ಕರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಹುಡುಗರು ಬಂದು ಮುಚ್ಚಿದರು. ಮುಚ್ಚುತ್ತಾ ಮುಚ್ಚುತ್ತಾ, ರೂಢಿಯ ಕೈ ನೋಡಿ, ಗುಡ್ಡೆಯನ್ನೂ ಎತ್ತರಿಸಿದರು. ನಾಯಿ ಕೆದಕದಿರಲಿ ಎಂದು ಜಾಲಿ ಮುಳ್ಳನ್ನೂ ಹೊದಿಸಿದರು. ಒಳಗೆ ಯಾರೂ ಇಲ್ಲವಲ್ಲೋ ಎಂದು ನಾನು ಹೇಳಹೊರಟೆ. ಅವ್ವ ತಲೆಯ ಕಡೆ ಒಂದು ಕಲ್ಲು ನೆಡುತ್ತಿದ್ದಳು. ಹೋಗಿ ಕಲ್ಲು ಹಿಡಿದುಕೊಂಡೆ.

ಪಿತೃಪಕ್ಷದ ಅಮಾವಾಸ್ಯೆಗೆ ರಜೆ ಇತ್ತು. ಅಪ್ಪನಿಗೆ ಎಡೆ ಇಟ್ಟು ಏಳುವಾಗ ಗೇಟಿನ ಹತ್ತಿರ ದೊಡ್ಡಮನೆಯ ಮಗ ಕಂಡ. ನಡೆದುಕೊಂಡೇ ಬಂದಿದ್ದ. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಇತ್ತು. ಅವನ ಅಪ್ಪ ಸೋಲಾರಿನ ಬೇಲಿಯೊಳಗೆ, ಅಮ್ಮ ಹೊಳೆಯಲ್ಲಿ. ತಟ್ಟೆ ಹಿಡಿದು ಊರೆಲ್ಲ ಸುತ್ತಿದರೂ ಇಡುವುದಕ್ಕೆ ಅವನಿಗೊಂದು ಜಾಗವಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವ್ವ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

ಅವನು ಗೇಟು ದಾಟದೆ ಅಲ್ಲಿಂದಲೇ, “ಯಾವ್ದು?” ಎಂದು ಕೇಳಿದ.

ಅವ್ವ ಮುಳ್ಳು ಸರಿಸಿ ಗುಡ್ಡೆ ತೋರಿಸಿದಳು. “ಇದೇ ಕಣಪ್ಪ ನಿಮ್ಮವ್ವಂದು. ಬಾ, ಇಕ್ಕು.”

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.